ಶ್ರುತಿಗೆ ಕಂಠವೋ, ಕಂಠಕ್ಕೆ ಶ್ರುತಿಯೋ?

ಕಾಶಿಗೆ ಬಂದ ಕನ್ನಡಿಗನು ಮೊದಲು ಅರಸುವುದು ಗಂಗೆಯನ್ನು. ಅನಂತರ ಅರಸುವುದು ತನ್ನ ಮಾತನ್ನಾಡುವ ನಾಲ್ಕು ಜನರನ್ನು. ಯಾತ್ರಿಕನಾಗಿ ಬಂದವನು ಮೂರು ದಿನಗಳಲ್ಲಿ ಊರಿಗೆ ಹಿಂದಿರುಗುತ್ತಾನೆ. ಹೊಟ್ಟೆಯ ಪಾಡಿಗಾಗಿ ಬಂದವನು ಇಲ್ಲಿಯೇ ನಿಲ್ಲುತ್ತಾನೆ. ಅಂಥವನಿಗೆ ಗೋದೌಲಿಯಾ ಬಳಿಯ ಜಂಗಮವಾಡಿ ಮಠದ ಅಂಗಳದಲ್ಲಿ ಕೇಳಿಬರುವ ಎರಡು ಕನ್ನಡ ಮಾತುಗಳಾಗಲಿ, ಹನುಮಾನ್ ಘಾಟಿಗೂ ಹರಿಶ್ಚಂದ್ರ ಘಾಟಿಗೂ ನಡುವೆ ಇರುವ ಕರ್ನಾಟಕ ಘಾಟಿನ ಮೆಟ್ಟಿಲುಗಳಾಗಲಿ ತವರುಮನೆಯ ಹೊಸ್ತಿಲಿನಂತೆ ತೋರುವುದು ಸಹಜ. ಇನ್ನು ವಾರಕ್ಕೊಮ್ಮೆ ಯಾರದೋ ಬಾಡಿಗೆ ಕೋಣೆಯಲ್ಲಿ ಕುಳಿತು ನಾಲ್ಕು ದಾಸರ ಪದಗಳನ್ನೂ ಎರಡು ವಚನಗಳನ್ನೂ ಹಾಡುವ ಭಾಗ್ಯ ದೊರೆತರಂತೂ ಆ ವಾರದ ದಣಿವೆಲ್ಲ ಇಳಿದಂತೆಯೇ ಸರಿ.

ಇಂತಹ ಒಂದು ಕೋಣೆಯಲ್ಲಿ ಕಳೆದ ಚಳಿಗಾಲದಲ್ಲಿ ನಡೆದ ಸಣ್ಣ ಸಂಗತಿಯೊಂದು ಈ ಲೇಖನಕ್ಕೆ ಕಾರಣವಾಯಿತು. ಅಲ್ಲಿ ಸೇರುವವರು ಹತ್ತು ಹನ್ನೆರಡು ಮಂದಿ. ಹೋಟೆಲಿನ ಅಡಿಗೆಯವರು, ಸಪ್ಲೈಯರುಗಳು, ಕಛೇರಿಗಳ ಗುಮಾಸ್ತರು, ಅಕಸ್ಮಾತ್ತಾಗಿ ಬಂದ ಒಬ್ಬಿಬ್ಬರು ಯಾತ್ರಿಕರು. ಬಹುಕಾಲದಿಂದ ಅಲ್ಲಿದ್ದುದು ಒಂದು ಹಳೆಯ ಹಾರ್ಮೋನಿಯಂ. ಅದರ ತಿದಿ ಹರಿದು ಗಾಳಿ ಸೋರುತ್ತಿತ್ತು. ನುಡಿಸುತ್ತಿದ್ದ ಹಿರಿಯರು ಊರು ಸೇರಿದ್ದರು. ಆಗ ಉದಾರಿಗಳೊಬ್ಬರು ಒಂದು ಡಿಜಿಟಲ್ ಅಕಾರ್ಡಿಯನ್ ಕೊಡಿಸಿದರು. ಎದೆಗೆ ಕಟ್ಟಿಕೊಂಡು ತಿದಿಯನ್ನು ಎಳೆದು ಒತ್ತಿ ನುಡಿಸುವ ಅಕಾರ್ಡಿಯನ್ನೇ ಅದು. ಆದರೆ ಅದರ ಒಳಗೆ ಲೋಹದ ರೀಡುಗಳಿಲ್ಲ, ವಿದ್ಯುನ್ಮಾನ ಯಂತ್ರವಿದೆ. ಕೀಲಿಮಣೆ ಬಲ್ಲ ತರುಣ ಗುಮಾಸ್ತರೊಬ್ಬರು ಅದನ್ನು ಹೆಗಲಿಗೇರಿಸಿದರು. ಗುಂಡಿ ಒತ್ತಿದೊಡನೆ ಕೋಣೆಯೆಲ್ಲ ತುಂಬಿ ತುಳುಕುವಂತಹ ನಾದ ಹೊರಟಿತು. ಎಲ್ಲರೂ ತಲೆದೂಗಿದರು.

ಆ ಮೇಲೆ ಹಾಡಬೇಕಾಗಿದ್ದವರು ನಮ್ಮ ಅಡಿಗೆಯ ಭಟ್ಟರು. ಕುಂದಾಪುರದ ಕಡೆಯವರು, ವಯಸ್ಸು ಅರವತ್ತನ್ನು ದಾಟಿದೆ. ಹಳೆಯ ಹಾರ್ಮೋನಿಯಂ ಅವರಿಗೆ ಬಿಳಿ ಒಂದರಲ್ಲಿ ಷಡ್ಜ ಹಿಡಿಯುತ್ತಿತ್ತು. ಈ ತರುಣರು ಕಲಿತದ್ದು ಬಿಳಿ ನಾಲ್ಕರಿಂದ ಮಾತ್ರ. ಭಟ್ಟರು ಪಲ್ಲವಿಯನ್ನು ಹೇಗೋ ಹೇಳಿದರು. ಅನುಪಲ್ಲವಿಯಲ್ಲಿ ಸ್ವರವು ಮೇಲೇರಬೇಕಾದ ಎಡೆಯಲ್ಲಿ ಕಂಠ ಒಡೆಯಿತು. "ನನ್ನ ಸ್ವರ ಹೋಯ್ತು ಮಾರಾಯ, ಇನ್ನು ನೀವೇ ಹೇಳಿ" ಎಂದು ನಕ್ಕು ಕುಳಿತುಬಿಟ್ಟರು. ಮುಂದಿನ ಎರಡು ವಾರ ಅವರು ಬರಲಿಲ್ಲ. ಕೇಳಿದವರಿಗೆ ಹೋಟೆಲಿನಲ್ಲಿ ಕೆಲಸ ಹೆಚ್ಚೆಂದು ಹೇಳಿದರಂತೆ. ಸ್ವರ ಹೋದದ್ದು ಭಟ್ಟರದಲ್ಲ, ವಾದ್ಯವನ್ನು ಅವರಿಗೆ ಹೊಂದಿಸಲಿಲ್ಲ ಎಂಬ ಮಾತು ಆ ದಿನ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಯಂತ್ರವು ಮನುಷ್ಯನಿಗೆ ಹೊಂದಿಕೊಳ್ಳಬೇಕೋ, ಮನುಷ್ಯನು ಯಂತ್ರಕ್ಕೆ ಹೊಂದಿಕೊಳ್ಳಬೇಕೋ ಎಂಬುದು ದೊಡ್ಡ ಪ್ರಶ್ನೆ. ಅದನ್ನು ದೊಡ್ಡ ದೊಡ್ಡ ಕಾರಖಾನೆಗಳ ವಿಷಯದಲ್ಲಿ ಮಾತ್ರ ಕೇಳತಕ್ಕದ್ದೆಂದು ನಾವು ಭಾವಿಸಿರುತ್ತೇವೆ. ಆದರೆ ಹತ್ತು ಅಡಿ ಉದ್ದದ ಕೋಣೆಯಲ್ಲಿ, ಒಂದು ಭಜನೆಯ ನಡುವೆಯೂ ಅದು ಉದ್ಭವಿಸಬಲ್ಲದು. ಮಿಕ್ಕ ಯಾವ ಯಂತ್ರದ ವಿಷಯದಲ್ಲಿ ಏನೇ ಇರಲಿ, ಈ ಯಂತ್ರವನ್ನಂತೂ ಹಾಡುವವನಿಗೆ ಹೊಂದಿಸುವುದಕ್ಕಾಗಿಯೇ ರಚಿಸಿದ್ದಾರೆ. ಹೊಂದಿಸದೆ ನುಡಿಸುವುದು ನಮ್ಮ ಆಲಸ್ಯವಲ್ಲದೆ ಬೇರೆಯಲ್ಲ.

ಈ ಮಾತನ್ನು ಸ್ಪಷ್ಟಪಡಿಸುವುದಕ್ಕೆ ರೀಡು ಎಂದರೇನೆಂದು ತುಸು ವಿವರಿಸಬೇಕು. ಲೋಹದ ಒಂದು ತೆಳ್ಳನೆಯ ನಾಲಿಗೆ. ಅದರ ಒಂದು ತುದಿಯನ್ನು ಫಲಕಕ್ಕೆ ಬಿಗಿದಿರುತ್ತಾರೆ, ಇನ್ನೊಂದು ತುದಿ ಸ್ವತಂತ್ರ. ಗಾಳಿ ಹಾಯ್ದೊಡನೆ ಆ ನಾಲಿಗೆ ಫಲಕದ ಸೀಳಿನಲ್ಲಿ ಅತ್ತಿತ್ತ ಅದುರಿ ಸ್ವರವನ್ನು ಹುಟ್ಟಿಸುತ್ತದೆ. ಉದ್ದನೆಯ ನಾಲಿಗೆಗೆ ತಗ್ಗಿನ ಸ್ವರ, ಗಿಡ್ಡ ನಾಲಿಗೆಗೆ ಎತ್ತರದ ಸ್ವರ. ತುದಿಯ ಬಳಿ ಲೋಹವನ್ನು ಸವರಿದರೆ ಸ್ವರ ಏರುತ್ತದೆ. ಬುಡದ ಬಳಿ ಸವರಿದರೆ ಇಳಿಯುತ್ತದೆ. ಶ್ರುತಿ ಮಾಡುವ ಕುಶಲಿಗನ ವಿದ್ಯೆಯೆಲ್ಲ ಈ ಕೂದಲೆಳೆಯ ಸವರಿಕೆಯಲ್ಲಿದೆ. ಚೀನಾ ದೇಶದ ಷೆಂಗ್ ಎಂಬ ಪ್ರಾಚೀನ ವಾದ್ಯದಲ್ಲಿಯೂ ಇದೇ ತತ್ತ್ವವುಂಟು. ಯೂರೋಪಿನಲ್ಲಿ ಇದೇ ತತ್ತ್ವವನ್ನು ಹಿಡಿದು ವಿಯೆನ್ನಾ ನಗರದ ಸಿರಿಲ್ ಡೆಮಿಯನ್ ಎಂಬಾತನು 1829ರಲ್ಲಿ ಅಕಾರ್ಡಿಯನ್‌ಗೆ ಹಕ್ಕುಪತ್ರವನ್ನು ಪಡೆದನು. 1840ರ ದಶಕದಲ್ಲಿ ಪ್ಯಾರಿಸಿನ ಅಲೆಕ್ಸಾಂದ್ರ್ ದೆಬೆಯ್ನ್ ಹಾರ್ಮೋನಿಯಂ ಅನ್ನು ರೂಢಿಗೆ ತಂದನು. ಕಾಲಿನಿಂದ ತುಳಿಯುವ ಆ ಪೆಟ್ಟಿಗೆಯನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತಿ ನುಡಿಸುವಂತೆ ಮಾರ್ಪಡಿಸಿದ ಕೀರ್ತಿ ಕಲ್ಕತ್ತೆಯ ದ್ವಾರಕಾನಾಥ ಘೋಷರಿಗೆ ಸಲ್ಲುತ್ತದೆ. ಎಂದರೆ ಅಕಾರ್ಡಿಯನ್ನೂ ನಮ್ಮ ಹಾರ್ಮೋನಿಯಮ್ಮೂ ಒಂದೇ ವಂಶದ ದಾಯಾದಿಗಳು.

ಹಾರ್ಮೋನಿಯಂ ಕೊಳ್ಳುವಾಗ ಅಂಗಡಿಯವನು ಖರ್ಜ, ನರ, ಮಾದಾ ಎಂದು ಹೇಳುವುದನ್ನು ಕೇಳಿದವರುಂಟು. ತಗ್ಗಿನ ಸ್ಥಾಯಿಯ ರೀಡುಗಳ ಸಾಲು ಖರ್ಜ, ನಡುವಿನದು ನರ, ಮೇಲಿನದು ಮಾದಾ. ಅಕಾರ್ಡಿಯನ್‌ನಲ್ಲಿ ಇವಕ್ಕೆ ಸರಿಸುಮಾರು ಸಮನಾದ ಸಾಲುಗಳನ್ನು ಹದಿನಾರಡಿ, ಎಂಟಡಿ, ನಾಲ್ಕಡಿ ಎಂದು ಕರೆಯುವರು. ಚರ್ಚಿನ ಆರ್ಗನ್ ಕೊಳವೆಗಳ ಉದ್ದದಿಂದ ಬಂದ ಹೆಸರುಗಳಿವು. ಯಾವ ಯಾವ ಸಾಲು ಒಟ್ಟಿಗೆ ನುಡಿಯಬೇಕೆಂಬುದನ್ನು ನಿರ್ಧರಿಸುವ ಗುಂಡಿಗೆ ರಿಜಿಸ್ಟರ್ ಎಂದು ಹೆಸರು. ಆ ಗುಂಡಿಯ ಮೇಲೆ ಮೂರು ಅಂತಸ್ತಿನ ಒಂದು ವೃತ್ತವನ್ನು ಬರೆದು ಚುಕ್ಕೆಗಳನ್ನು ಇಟ್ಟಿರುತ್ತಾರೆ. ಕೆಳಗಿನ ಅಂತಸ್ತಿನಲ್ಲಿ ಮಾತ್ರ ಚುಕ್ಕೆಯಿದ್ದರೆ ಅದು ಬಸೂನ್; ನಡುವೆ ಒಂದೇ ಚುಕ್ಕೆಯಿದ್ದರೆ ಕ್ಲಾರಿನೆಟ್; ಮೇಲೆ ಮಾತ್ರ ಇದ್ದರೆ ಪಿಕ್ಕೊಲೊ; ಕೆಳಗೆ ಒಂದು, ನಡುವೆ ಒಂದು ಇದ್ದರೆ ಬ್ಯಾಂಡೋನಿಯನ್; ಎಲ್ಲ ಸಾಲುಗಳೂ ಕೂಡಿದರೆ ಮಾಸ್ಟರ್. ಇನ್ನು ನಡುವಿನ ಅಂತಸ್ತಿನಲ್ಲಿ ಎರಡು ಮೂರು ಚುಕ್ಕೆಗಳಿದ್ದರೆ ಅದಕ್ಕೆ ಮ್ಯುಸೆಟ್ ಎಂದು ಹೆಸರು. ಅಲ್ಲಿ ಒಂದೇ ಸ್ವರದ ರೀಡುಗಳನ್ನು ಬೇಕೆಂದೇ ತುಸು ಹೆಚ್ಚುಕಡಿಮೆ ಶ್ರುತಿ ಮಾಡಿರುತ್ತಾರೆ. ಒಂದು ರೀಡು ಸೆಕೆಂಡಿಗೆ 440 ಸಲ ಅದುರಿದರೆ ಇನ್ನೊಂದು 444 ಸಲ ಅದುರುತ್ತದೆ. ಆಗ ನಾದವು ಸೆಕೆಂಡಿಗೆ ನಾಲ್ಕು ಸಲ ಉಬ್ಬಿ ಇಳಿದು ಅಲೆಯಲೆಯಾಗಿ ಕೇಳುತ್ತದೆ. ಪ್ಯಾರಿಸಿನ ನೃತ್ಯಗೃಹಗಳಿಗೆ ಇದು ಅಲಂಕಾರ. ಷಡ್ಜದಲ್ಲಿ ನಿಂತು ಶ್ರುತಿಯನ್ನು ಅರಸುವ ನಮ್ಮ ಹಾಡುಗಾರನಿಗಾದರೋ ಇದು ಅಲುಗಾಡುವ ಏಣಿ.

ಲೋಹದ ರೀಡುಗಳಿರುವ ಅಕಾರ್ಡಿಯನ್‌ನಲ್ಲಿ ಈ ಏರ್ಪಾಡನ್ನು ಬದಲಾಯಿಸುವುದು ಸುಲಭವಲ್ಲ. ತಿದಿಯನ್ನು ಎಳೆಯುವಾಗ ಒಂದು ನಾಲಿಗೆ, ಒತ್ತುವಾಗ ಇನ್ನೊಂದು ನಾಲಿಗೆ ನುಡಿಯುವುದರಿಂದ, ಬಲಗೈಗೆ 41 ಕೀಲಿಗಳೂ ನಾಲ್ಕು ಸಾಲುಗಳೂ ಇರುವ ವಾದ್ಯದಲ್ಲಿ ಬಲಗೈಯ ಕಡೆಗೇ 328 ನಾಲಿಗೆಗಳಾಗುತ್ತವೆ. ಅವೆಲ್ಲವನ್ನೂ ಒಂದೊಂದಾಗಿ ಸವರಿ ಹದಗೊಳಿಸಬೇಕಾದರೆ ಕುಶಲಿಗನಿಗೆ ಎಷ್ಟೋ ದಿನಗಳ ಶ್ರಮ. ಡಿಜಿಟಲ್ ಅಕಾರ್ಡಿಯನ್‌ನಲ್ಲಿ ನಾಲಿಗೆಗಳೇ ಇಲ್ಲ. ಕೀಲಿಯನ್ನು ಒತ್ತಿದುದನ್ನೂ, ತಿದಿಯ ಒತ್ತಡ ಎಷ್ಟೆಂಬುದನ್ನೂ ಒಳಗಿನ ಸಂವೇದಕಗಳು ಅಳೆಯುತ್ತವೆ. ಅದಕ್ಕೆ ತಕ್ಕ ಧ್ವನಿಯನ್ನು ಯಂತ್ರವು ಲೆಕ್ಕ ಹಾಕಿ ಹೊರಡಿಸುತ್ತದೆ. ಜಪಾನಿನ ರೋಲಂಡ್ ಸಂಸ್ಥೆ 2004ರಲ್ಲಿ ಹೊರತಂದ ವಿ-ಅಕಾರ್ಡಿಯನ್ ಈ ಮಾದರಿಯಲ್ಲಿ ಪ್ರಸಿದ್ಧವಾದುದು. ಇಂತಹ ವಾದ್ಯದಲ್ಲಿ ಮ್ಯುಸೆಟ್ಟಿನ ಅಲೆ ಎಷ್ಟಿರಬೇಕು, ಯಾವ ಸಾಲು ನುಡಿಯಬೇಕು, ರೀಡಿನ ಗೊರಗೊರ ಸದ್ದೂ ಕವಾಟದ ಟಕಟಕ ಸದ್ದೂ ಎಷ್ಟು ಕೇಳಬೇಕು, ಷಡ್ಜವು ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ನುಡಿಸುವವನೇ ನಿಶ್ಚಯಿಸಿ, ಆ ನಿಶ್ಚಯವನ್ನು ಯಂತ್ರದ ನೆನಪಿನಲ್ಲಿ ಕೂಡಿಡಬಹುದು. ಮೇಸ್ತ್ರಿಯ ವಾರಗಳ ಶ್ರಮವು ಇಲ್ಲಿ ಗುಂಡಿಯ ಎರಡು ತಿರುವುಗಳಿಗೆ ಇಳಿದಿದೆ.

ಆದರೂ ನಮ್ಮವರು ಮಾಡುವುದೇನು? ಪೆಟ್ಟಿಗೆಯನ್ನು ಬಿಚ್ಚಿ, ಕಾರಖಾನೆಯವರು ಮೊದಲನೆಯದಾಗಿ ಇಟ್ಟ ಅತ್ಯಂತ ಅಬ್ಬರದ ಧ್ವನಿಯಲ್ಲಿಯೇ ನುಡಿಸತೊಡಗುತ್ತಾರೆ. ನಮ್ಮ ಕೋಣೆಯಲ್ಲಿ ಆದದ್ದೂ ಇದೇ. ಎಲ್ಲ ಸಾಲುಗಳೂ ಕೂಡಿದ ಮಾಸ್ಟರ್, ಅದರ ಮೇಲೆ ಮ್ಯುಸೆಟ್ಟಿನ ಅಲೆ, ಎಡಗೈಯಲ್ಲಿ ಪಾಶ್ಚಾತ್ಯರ ಸ್ವರಮೇಳ, ಷಡ್ಜ ಬಿಳಿ ನಾಲ್ಕರಲ್ಲಿ. ಇಷ್ಟರ ನಡುವೆ ಅರವತ್ತು ದಾಟಿದ ಒಂದು ಕಂಠವು ತನ್ನ ದಾರಿಯನ್ನು ಕಾಣುವುದಾದರೂ ಹೇಗೆ?

ಹೋಟೆಲಿನಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಡಿಕಾಕ್ಷನ್ ಒಂದೇ ಪಾತ್ರೆಯಲ್ಲಿದ್ದರೂ ಒಬ್ಬ ಗಿರಾಕಿಗೆ ಸ್ಟ್ರಾಂಗ್, ಇನ್ನೊಬ್ಬನಿಗೆ ಲೈಟ್, ಮತ್ತೊಬ್ಬನಿಗೆ ಸಕ್ಕರೆ ಕಮ್ಮಿ. ಎಲ್ಲರಿಗೂ ಒಂದೇ ಹದದ ಕಾಫಿ ಕೊಟ್ಟು, ಕುಡಿಯಲಾರದವನ ನಾಲಿಗೆ ಕೆಟ್ಟಿದೆಯೆಂದು ಹೇಳುವ ಮಾಣಿಯನ್ನು ಯಾವ ಯಜಮಾನನಾದರೂ ಒಂದು ದಿನ ಇಟ್ಟುಕೊಂಡಾನೆಯೇ? ಕರಾವಳಿಯಿಂದ ಬಂದವರಿಗೆ ಯಕ್ಷಗಾನದ ಉದಾಹರಣೆಯನ್ನೇ ಹೇಳಬಹುದು. ಭಾಗವತರು ಕಪ್ಪು ಮೂರರವರೋ, ಬಿಳಿ ಎರಡರವರೋ ಎಂಬುದನ್ನು ತಿಳಿದು ಶ್ರುತಿಪೆಟ್ಟಿಗೆಯನ್ನು ಹಿಡಿಯುತ್ತಾರೆ. ಮದ್ದಳೆಯನ್ನು ಆ ಶ್ರುತಿಗೆ ಸೇರಿಸುತ್ತಾರೆ. ಪೆಟ್ಟಿಗೆಗೆ ತಕ್ಕಂತೆ ಭಾಗವತರನ್ನು ಬದಲಾಯಿಸಿದ ಮೇಳವನ್ನು ನಾನು ಕಂಡಿಲ್ಲ.

ಪರದೇಶದ ವಾದ್ಯವನ್ನು ನಮ್ಮ ಕಂಠಕ್ಕೆ ಹೊಂದಿಸಿಕೊಳ್ಳುವುದು ನಮಗೆ ಹೊಸದೂ ಅಲ್ಲ. ಪಿಟೀಲು ಯೂರೋಪಿನಿಂದ ಬಂದಿತು. ಮುತ್ತುಸ್ವಾಮಿ ದೀಕ್ಷಿತರ ಸೋದರರಾದ ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ನಮ್ಮವರು ಅದರ ತಂತಿಗಳನ್ನು ಷಡ್ಜ ಪಂಚಮಗಳಿಗೆ ತಿರುಗಿಸಿ, ನೆಲದ ಮೇಲೆ ಕುಳಿತು, ಅದರ ತಲೆಯನ್ನು ಪಾದದ ಮೇಲೆ ಇರಿಸಿ ನುಡಿಸಿದರು. ಇಂದು ಪಿಟೀಲಿಲ್ಲದ ಕರ್ನಾಟಕ ಸಂಗೀತ ಕಛೇರಿಯನ್ನು ಊಹಿಸುವುದೇ ಕಷ್ಟ. ಅದೇ ಪಿಟೀಲನ್ನು ಹಿಂದೂಸ್ಥಾನಿ ಗಾಯನದ ರೀತಿಗೆ ಒಗ್ಗಿಸಿದ ಎನ್. ರಾಜಂ ಅವರು ಈ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿಯೇ ಬಹುಕಾಲ ಅಧ್ಯಾಪಕರಾಗಿದ್ದರು. ಆ ವಿಶ್ವವಿದ್ಯಾಲಯದ ಪ್ರಥಮ ಕುಲಪತಿಗಳಾಗಿದ್ದ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆಯೊಡನೆ ಪಿಟೀಲು, ಪಿಯಾನೋಗಳನ್ನೂ ನುಡಿಸಬಲ್ಲವರಾಗಿದ್ದರೆಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯಬಹುದು.

ರೀಡನ್ನು ತನಗೆ ಬೇಕಾದಂತೆ ಹದಗೊಳಿಸುವ ಕಲೆಗಾದರೂ ಕಾಶಿಯೇ ಸಾಕ್ಷಿ. ಬಿಸ್ಮಿಲ್ಲಾ ಖಾನರು (1916–2006) ಶಹನಾಯಿ ನುಡಿಸಿದುದು ಈ ಊರಿನ ಗಲ್ಲಿಗಳಲ್ಲಿ, ಈ ನದಿಯ ದಂಡೆಯಲ್ಲಿ. ಶಹನಾಯಿಯ ರೀಡು ಲೋಹದ್ದಲ್ಲ, ಜೊಂಡಿನಂತಹ ಹುಲ್ಲಿನ ದಂಟಿನದು. ಅದನ್ನು ಆಯುವುದು, ನೆನೆಸುವುದು, ತುಟಿಗಳ ಬಿಗಿತದಿಂದ ಅದರ ಸ್ವರವನ್ನು ಏರಿಸಿ ಇಳಿಸುವುದು, ಇವೆಲ್ಲ ವಾದಕನ ನಿತ್ಯಕರ್ಮ. 1977ರಲ್ಲಿ ತೆರೆಕಂಡ 'ಸನಾದಿ ಅಪ್ಪಣ್ಣ' ಚಿತ್ರದಲ್ಲಿ ರಾಜಕುಮಾರರು ಸನಾದಿಯನ್ನು ಹಿಡಿದರೆ, ಅದರ ಹಿಂದೆ ಕೇಳಿಬಂದ ಶಹನಾಯಿ ಬಿಸ್ಮಿಲ್ಲಾ ಖಾನರದು. ಕಾಶಿಯ ಉಸಿರು ಕನ್ನಡದ ಕಥೆಗೆ ಹೊಂದಿಕೊಂಡ ಬಗೆ ಅದು. ವಾದ್ಯವು ತನ್ನಷ್ಟಕ್ಕೆ ತಾನೇ ಶ್ರುತಿಗೆ ಬರುವುದಿಲ್ಲ, ನುಡಿಸುವವನು ಪ್ರತಿದಿನವೂ ತರಬೇಕು ಎಂಬುದು ಆ ಮಹನೀಯರ ವೃತ್ತಿಯೇ ಕಲಿಸುವ ಪಾಠ.

ಈಗ ಆಕ್ಷೇಪಣೆಗಳಿಗೆ ಬರೋಣ. ಇದು ಕೃತಕ ಧ್ವನಿ, ಭಜನೆಯ ಕೋಣೆಯಲ್ಲಿ ಇದಕ್ಕೇನು ಕೆಲಸವೆಂದು ಹಿರಿಯರು ಕೆಲವರು ಕೇಳುವುದುಂಟು. ಹಾರ್ಮೋನಿಯಂ ಬಂದಾಗಲೂ ಇಂತಹ ಮಾತು ಎದ್ದಿತ್ತು. ರವೀಂದ್ರನಾಥ ಠಾಕೂರರಿಗೆ ಅದು ಹಿಡಿಸುತ್ತಿರಲಿಲ್ಲ. 1940ರ ಮಾರ್ಚಿಯಲ್ಲಿ ಆಕಾಶವಾಣಿಯು ಹಾರ್ಮೋನಿಯಂ ಅನ್ನು ಬಹಿಷ್ಕರಿಸಿತು. ಆ ಬಹಿಷ್ಕಾರ ಸಡಿಲವಾದುದು 1971ರಲ್ಲಿ. ಮೂವತ್ತೊಂದು ವರ್ಷ ಬಾನುಲಿಯ ಬಾಗಿಲು ಮುಚ್ಚಿದ್ದರೂ ಜನರ ಮನೆಗಳ ಬಾಗಿಲು ಮುಚ್ಚಲಿಲ್ಲ. ನಾಟಕದ ಕಂಪನಿಗಳಲ್ಲಿ ರಂಗದ ಮುಂದೆ ಕಾಲುಪೆಟ್ಟಿಗೆಯನ್ನು ತುಳಿಯುತ್ತ ಕುಳಿತ ಹಾರ್ಮೋನಿಯಂ ಮೇಷ್ಟರೇ ಸಂಗೀತಕ್ಕೆ ಆಧಾರಸ್ತಂಭವಾಗಿದ್ದರು. ಬೆಳಗಾವಿಯ ರಾಮಭಾವು ಬಿಜಾಪುರೆಯವರು (1917–2010) ಆ ಪೆಟ್ಟಿಗೆಯಲ್ಲಿಯೇ ಬಾಳನ್ನು ಸವೆಸಿ ಎಷ್ಟೋ ಶಿಷ್ಯರನ್ನು ತಯಾರು ಮಾಡಿದರು.

ಆದರೆ ಬಹಿಷ್ಕರಿಸಿದವರ ವಾದವೆಲ್ಲ ಹುರುಳಿಲ್ಲದ್ದೆಂದು ನಾನು ಹೇಳಲಾರೆ. ಅವರ ಮಾತಿನಲ್ಲಿ ಒಂದು ಸತ್ಯವಿತ್ತು. ಕೀಲಿಮಣೆಯ ವಾದ್ಯಗಳಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಹಂಚಿರುತ್ತಾರೆ. ಒಂದೊಂದು ಭಾಗಕ್ಕೆ ನೂರು ಸೆಂಟುಗಳೆಂದು ಲೆಕ್ಕ. ಈ ಲೆಕ್ಕದಂತೆ ಷಡ್ಜದಿಂದ ನಾಲ್ಕನೆಯ ಅರ್ಧಸ್ವರವಾದ ಗಾಂಧಾರವು 400 ಸೆಂಟುಗಳಲ್ಲಿ ನಿಲ್ಲುತ್ತದೆ. ಕಾಶಿಯ ಗವಾಯಿಗಳು ಶುದ್ಧ ಗಾಂಧಾರವೆಂದೂ ನಮ್ಮ ದಕ್ಷಿಣದವರು ಅಂತರ ಗಾಂಧಾರವೆಂದೂ ಕರೆಯುವ ಈ ಸ್ವರವು ತಂಬೂರಿಯ ನಾದದಲ್ಲಿ ತಾನಾಗಿಯೇ ಹುಟ್ಟುವುದು 386 ಸೆಂಟುಗಳಲ್ಲಿ. ಹದಿನಾಲ್ಕು ಸೆಂಟುಗಳ ಈ ವ್ಯತ್ಯಾಸ ಕಾಗದದ ಮೇಲೆ ಅಲ್ಪವೆಂದು ಕಂಡರೂ ಕಿವಿಗೆ ಅಲ್ಪವಲ್ಲ. ಬಿಳಿ ಒಂದನ್ನು ಷಡ್ಜವಾಗಿ ಹಿಡಿದು ಗಾಯಕನು ತನ್ನ ಗಾಂಧಾರವನ್ನೂ ಪೆಟ್ಟಿಗೆಯು ತನ್ನ ಗಾಂಧಾರವನ್ನೂ ಕೂಡಿ ನುಡಿದರೆ ಸೆಕೆಂಡಿಗೆ ಎರಡು ಮೂರು ಸಲ ಕಂಪನಗಳು ಪರಸ್ಪರ ಡಿಕ್ಕಿ ಹೊಡೆಯುತ್ತವೆ. ಪಂಚಮದಲ್ಲಿ ಈ ತೊಡಕಿಲ್ಲ. ಅಲ್ಲಿ ಭೇದ ಎರಡೇ ಸೆಂಟುಗಳು. ಧೈವತದಲ್ಲಿ ಮತ್ತೆ ಹದಿನಾರು ಸೆಂಟುಗಳ ಭೇದ.

ಇದಕ್ಕೆ ಪರಿಹಾರವನ್ನು ಅರಸಿದವರು ನಮ್ಮ ನೆರೆಯಲ್ಲಿಯೇ ಇದ್ದರು. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ ಎಂಬವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಬ್ದುಲ್ ಕರೀಂ ಖಾನರ ಗಾಯನವನ್ನು ಆಧರಿಸಿ ಶ್ರುತಿಗಳನ್ನು ಅಳೆದರು. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಕರೀಂ ಖಾನರೇ ಇವರು. ದೇವಲರೂ ಈ. ಕ್ಲೆಮೆಂಟ್ಸ್ ಎಂಬ ಆಂಗ್ಲ ನ್ಯಾಯಾಧೀಶರೂ ಕೂಡಿ ಇಪ್ಪತ್ತೆರಡು ಶ್ರುತಿಗಳ ಹಾರ್ಮೋನಿಯಂ ಒಂದನ್ನು ಸಿದ್ಧಪಡಿಸಲು ದುಡಿದರು. ನಮ್ಮ ಕಾಲದಲ್ಲಿ ಠಾಣೆಯ ಡಾ. ವಿದ್ಯಾಧರ ಓಕ್ ಅವರೂ ಅಂತಹ ಒಂದು ವಾದ್ಯವನ್ನು ರೂಪಿಸಿದ್ದಾರೆ. ಲೋಹದ ರೀಡಿನಲ್ಲಿ ಇದು ಬಹು ಶ್ರಮದ ಕಾರ್ಯ. ಇಂದಿನ ಅನೇಕ ವಿದ್ಯುನ್ಮಾನ ಕೀಲಿಮಣೆ ವಾದ್ಯಗಳಲ್ಲಿಯಾದರೋ ಒಂದೊಂದು ಸ್ವರವನ್ನೂ ಬೇರೆ ಬೇರೆಯಾಗಿ ಕೆಲವು ಸೆಂಟುಗಳಷ್ಟು ಏರಿಸುವ ಇಳಿಸುವ ಸೌಕರ್ಯವನ್ನು ಒದಗಿಸಿರುತ್ತಾರೆ. ಗಾಂಧಾರವನ್ನು ಹದಿನಾಲ್ಕು ಸೆಂಟು, ಧೈವತವನ್ನು ಹದಿನಾರು ಸೆಂಟು ಇಳಿಸಿ ಕೂಡಿಟ್ಟರೆ, ಆ ಹಿರಿಯರ ಆಕ್ಷೇಪಣೆಯಲ್ಲಿ ಅರ್ಧಭಾಗಕ್ಕೆ ಉತ್ತರ ದೊರೆತಂತಾಯಿತು. ಉಳಿದರ್ಧಕ್ಕೆ ಉತ್ತರವಿಲ್ಲವೆಂದು ಒಪ್ಪಿಕೊಳ್ಳಬೇಕು. ಕೀಲಿಯಿಂದ ಕೀಲಿಗೆ ಹಾರುವ ವಾದ್ಯವು ಗಮಕವನ್ನೂ ಮೀಂಡನ್ನೂ ಕಂಠದಂತೆ ಎಳೆಯಲಾರದು. ಆದುದರಿಂದಲೇ ಅದು ಕಂಠದ ಮುಂದೆ ಓಡದೆ, ಹಿಂದೆ ವಿನಯದಿಂದ ನಡೆಯಬೇಕು.

ಮತ್ತೊಂದು ಆಕ್ಷೇಪಣೆ ಹೊಟ್ಟೆಪಾಡಿಗೆ ಸಂಬಂಧಿಸಿದ್ದು. ಯಂತ್ರವೇ ಶ್ರುತಿ ಮಾಡಿಕೊಂಡರೆ ರೀಡು ಸವರುವ ಕುಶಲಿಗನ ಗತಿಯೇನು? ಕೈಕೆಲಸದಿಂದ ಬದುಕುವ ನಾವು ಈ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ನನ್ನ ಉತ್ತರವಿಷ್ಟೆ: ಡಿಜಿಟಲ್ ಅಕಾರ್ಡಿಯನ್ ಬೆಲೆಬಾಳುವ ವಸ್ತು, ನಮ್ಮಂತಹ ಸಣ್ಣ ಮಂಡಳಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೆ ಅದು ಬೇಕಾಗಿಯೂ ಇಲ್ಲ. ದಾನವಾಗಿ ದೊರೆತರೆ ಸರಿಯಾಗಿ ಬಳಸೋಣ. ದೊರೆಯದಿದ್ದರೆ ಅದಕ್ಕಾಗಿ ಚಂದಾ ಎತ್ತುವುದು ಬೇಡ. ಆ ಹಣದ ಒಂದು ಸಣ್ಣ ಅಂಶದಲ್ಲಿ ಹಳೆಯ ಹಾರ್ಮೋನಿಯಂನ ತಿದಿಯನ್ನು ಹೊಲಿಸಿ, ಬಲ್ಲ ಮೇಸ್ತ್ರಿಯನ್ನು ಕರೆಸಿ, ಅವನ ಪಕ್ಕದಲ್ಲಿ ಹಾಡುವವರನ್ನು ಕೂರಿಸಿ ರೀಡುಗಳನ್ನು ಶ್ರುತಿ ಮಾಡಿಸಬಹುದು. ಅವನಿಗೆ ಸಲ್ಲಬೇಕಾದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಬಹುದು. ಷಡ್ಜವನ್ನು ಜಾರಿಸಬಲ್ಲ ಸ್ಕೇಲ್ ಚೇಂಜರ್ ಹಾರ್ಮೋನಿಯಂಗಳೂ ಉಂಟು. ಬರಿಯ ಆಧಾರಶ್ರುತಿ ಸಾಕೆನ್ನುವವರಿಗೆ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿ ದಾರಿ ತೋರಿಸಿದರು. ಇಂದು ಅದೇ ಶ್ರುತಿ ಕೈಯಲ್ಲಿರುವ ಫೋನಿನಲ್ಲಿಯೂ ಖರ್ಚಿಲ್ಲದೆ ದೊರೆಯುತ್ತದೆ. ವಾದ್ಯ ಯಾವುದಾದರೂ ಆಗಲಿ, ಮೊದಲು ಹಾಡುವವನನ್ನು ಕೇಳತಕ್ಕದ್ದು ಎಂಬ ನಿಯಮ ಒಂದೇ.

ಡಿಜಿಟಲ್ ಅಕಾರ್ಡಿಯನ್ ಈಗಾಗಲೇ ಇರುವ ಮಂಡಳಿಗಳಿಗೆ ನಮ್ಮ ಅನುಭವದಿಂದ ಕೆಲವು ಮಾತುಗಳನ್ನು ಹೇಳಬಹುದು. ಮೊದಲನೆಯದಾಗಿ, ಹಾಡುವವರು ತಮಗೆ ಸುಖವಾದ ಷಡ್ಜವನ್ನು ವಾದ್ಯವಿಲ್ಲದೆ ಹಿಡಿಯಲಿ. ನುಡಿಸುವವರು ಅದು ಎಷ್ಟನೆಯ ಮನೆಯೆಂದು ಕಂಡುಕೊಂಡು, ತಮ್ಮ ಬೆರಳುಗಳ ಅಭ್ಯಾಸವನ್ನು ಬದಲಾಯಿಸದೆಯೇ ಟ್ರಾನ್ಸ್‌ಪೋಸ್ ಗುಂಡಿಯಿಂದ ಧ್ವನಿಯನ್ನು ಅಷ್ಟು ಮನೆ ಕೆಳಗಿಳಿಸಲಿ ಅಥವಾ ಮೇಲೇರಿಸಲಿ. ಬಿಳಿ ನಾಲ್ಕರಿಂದ ಬಿಳಿ ಒಂದಕ್ಕೆ ಐದು ಅರ್ಧಸ್ವರಗಳ ಇಳಿತ. ಬೆರಳು ಅದೇ, ಕೀಲಿ ಅದೇ. ಎರಡನೆಯದಾಗಿ, ಒಬ್ಬರೇ ಹಾಡುವಾಗ ಎಂಟಡಿಯ ಒಂದೇ ಸಾಲು ಸಾಕು. ಗಂಡಸರ ತಗ್ಗಿನ ಕಂಠಕ್ಕೆ ಬೇಕಾದರೆ ಹದಿನಾರಡಿಯನ್ನು ಕೂಡಿಸಬಹುದು. ನಾಲ್ಕಡಿಯ ಚೀರುಧ್ವನಿಯನ್ನು ಎಲ್ಲರೂ ಒಕ್ಕೊರಲಿನಿಂದ ಹಾಡುವ ಮಂಗಳಾರತಿಗೆ ಮೀಸಲಿಡಲಿ. ಮೂರನೆಯದಾಗಿ, ಮ್ಯುಸೆಟ್ಟಿನ ಅಲೆಯನ್ನು ಸಂಪೂರ್ಣವಾಗಿ ತೆಗೆದುಹಾಕಲಿ. ನಾಲ್ಕನೆಯದಾಗಿ, ಎಡಗೈಯ ಸ್ವರಮೇಳದ ಗುಂಡಿಗಳನ್ನು ಮುಟ್ಟದೆ ಷಡ್ಜ ಪಂಚಮಗಳನ್ನು ಮಾತ್ರ ಹಿಡಿಯಲಿ. ರಾಗದ ದಾರಿಯಲ್ಲಿ ಸ್ವರಮೇಳವು ಅಡ್ಡ ನಿಂತ ಎತ್ತಿನ ಗಾಡಿಯಿದ್ದಂತೆ. ಕಡೆಯದಾಗಿ, ಹೀಗೆ ಹೊಂದಿಸಿದುದನ್ನು ಯಂತ್ರದ ನೆನಪಿನಲ್ಲಿ ಕೂಡಿಟ್ಟು, ಯಾರ ಏರ್ಪಾಡು ಯಾವ ಸಂಖ್ಯೆಯಲ್ಲಿದೆಯೆಂದು ಒಂದು ಪುಸ್ತಕದಲ್ಲಿ ಬರೆದಿಡಲಿ. ಇದು ಗುಮಾಸ್ತ ಬಂಧುಗಳಿಗೆ ಒಪ್ಪುವ ಕೆಲಸ. ಕಛೇರಿಯಲ್ಲಿ ಒಬ್ಬೊಬ್ಬರ ಕಡತಕ್ಕೂ ಒಂದೊಂದು ಸಂಖ್ಯೆ ಇರುವಾಗ, ಭಜನೆಯಲ್ಲಿ ಒಬ್ಬೊಬ್ಬರ ಕಂಠಕ್ಕೂ ಒಂದೊಂದು ಸಂಖ್ಯೆ ಇರಲಾಗದೆ?

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಲೇಖನವೇಕೆಂದು ವಾಚಕರು ಕೇಳಬಹುದು. ಪರಊರಿನಲ್ಲಿ ದುಡಿಯುವವನ ದಿನಚರಿಯನ್ನು ಒಮ್ಮೆ ಯೋಚಿಸಿ ನೋಡಿ. ಬೆಳಗಿನ ನಾಲ್ಕಕ್ಕೆ ಎದ್ದು ಒಲೆಯ ಮುಂದೆ ನಿಂತವನು ದಿನವಿಡೀ ಇನ್ನೊಬ್ಬರ ಹೊತ್ತಿಗೆ, ಇನ್ನೊಬ್ಬರ ರುಚಿಗೆ, ಇನ್ನೊಬ್ಬರ ಭಾಷೆಗೆ ತನ್ನನ್ನು ಹೊಂದಿಸಿಕೊಳ್ಳುತ್ತಾನೆ. ಮೇಜಿನ ಮುಂದೆ ಕುಳಿತವನು ಮೇಲಧಿಕಾರಿಯ ಕೊರಳಿಗೆ ತನ್ನ ಕೊರಳನ್ನು ತಗ್ಗಿಸುತ್ತಾನೆ. ಅದು ಅವರ ವೃತ್ತಿಧರ್ಮ. ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ವಾರಕ್ಕೊಂದು ಗಂಟೆಯಾದರೂ ಅವರು ತಮ್ಮ ಸ್ವಂತ ಷಡ್ಜದಲ್ಲಿ ನಿಂತು, ತಮ್ಮ ಮಾತಿನಲ್ಲಿ, ತಮ್ಮ ಕಂಠದಲ್ಲಿ ಹಾಡುವಂತಿರಬೇಡವೇ? ಆ ಒಂದು ಗಂಟೆಯಲ್ಲಿಯೂ ನೀನು ಪೆಟ್ಟಿಗೆಗೆ ಹೊಂದಿಕೋ ಎಂದರೆ, ಅವರಿಗೆ ಉಳಿಯುವ ಎಡೆ ಯಾವುದು? ಸಂಘಗಳು ಕಟ್ಟಡದ ನಿಧಿಗೂ ವಾರ್ಷಿಕೋತ್ಸವದ ಹಾರತುರಾಯಿಗೂ ಕೊಡುವ ಗಮನದಲ್ಲಿ ಒಂದು ಪಾಲನ್ನು ಇದಕ್ಕೆ ಕೊಟ್ಟರೆ, ಹಿಂದಿನ ಸಾಲಿನಲ್ಲಿ ಮೌನವಾಗಿ ತಾಳ ಹಾಕುತ್ತ ಕುಳಿತ ಅನೇಕರು ಮುಂದೆ ಬಂದು ಹಾಡಿಯಾರು. ಸ್ವರವಿಲ್ಲದವರೆಂದು ನಾವು ತಿಳಿದವರಲ್ಲಿ ಬಹುಮಂದಿ ಶ್ರುತಿ ಸಿಕ್ಕದವರು ಮಾತ್ರ.

ಭಟ್ಟರ ವಿಷಯ ಹೇಳುವುದು ಉಳಿಯಿತು. ಮೂರನೆಯ ವಾರ ಆ ತರುಣ ಗುಮಾಸ್ತರೇ ಹೋಟೆಲಿಗೆ ಹೋದರು. ವಾದ್ಯದ ಕೈಪಿಡಿಯನ್ನು ಎರಡು ರಾತ್ರಿ ಓದಿ, ತಾನು ಮಾಡಿದ ತಪ್ಪನ್ನು ತಾವೇ ಕಂಡುಕೊಂಡಿದ್ದರು. "ಭಟ್ರೇ, ತಪ್ಪು ನಿಮ್ಮ ಗಂಟಲಿನದ್ದಲ್ಲ, ನನ್ನದು. ಒಂದು ಸಲ ಬನ್ನಿ" ಎಂದು ಕರೆದರಂತೆ. ಭಟ್ಟರು ಬಂದರು. ಅಂದು ವಾದ್ಯದಲ್ಲಿ ನುಡಿದುದು ಒಂದೇ ಸಾಲು, ಅಲೆಯಿಲ್ಲದ ಸಾದಾ ಧ್ವನಿ, ಷಡ್ಜ ಬಿಳಿ ಒಂದರಲ್ಲಿ. ಅನುಪಲ್ಲವಿಯ ಏರಿನಲ್ಲಿ ಅವರ ಕಂಠ ಸ್ವಲ್ಪ ನಡುಗಿತು. ವಯಸ್ಸಾದ ಕಂಠ ನಡುಗುವುದು ಸಹಜ. ಆದರೆ ಒಡೆಯಲಿಲ್ಲ. ಹಾಡು ಮುಗಿದ ಮೇಲೆ ಅವರು ವಾದ್ಯವನ್ನು ಹೊಗಳಲಿಲ್ಲ, ಅದರ ಕಡೆಗೆ ನೋಡಲೂ ಇಲ್ಲ, "ಇನ್ನೊಂದು ಪದ ಹೇಳ್ಲಾ?" ಎಂದಷ್ಟೇ ಕೇಳಿದರು.